ಕಟೌಟು ಮೆಸ್ಸಿಗೆ, ಮರೆವು ಅಹ್ಮದ್ ಖಾನ್‌ಗೆ

ವಿಶ್ವಕಪ್ ಬಂತೆಂದರೆ ಬೆಳಗಾವಿಯ ದರಬಾರ ಗಲ್ಲಿಯಲ್ಲೂ ಖಾನಾಪುರದ ಚಹಾದಂಗಡಿಯಲ್ಲೂ ನಮ್ಮದು ಒಂದೇ ವಾದ: ಮೆಸ್ಸಿ ದೊಡ್ಡವನೋ, ರೊನಾಲ್ಡೊ ದೊಡ್ಡವನೋ? ವಾದ ನಡೆಯಲಿ. ಆದರೆ ನಮ್ಮ ರಾಜ್ಯದ ಫುಟ್‌ಬಾಲ್ ಆಟಗಾರರಿಗೊಂದು ಗೌರವ ಮಂದಿರ ಕಟ್ಟಿದರೆ ಮೊದಲು ಯಾರ ಹೆಸರು ಬರೆಯಬೇಕು ಎಂದು ಕೇಳಿ ನೋಡಿ. ಚಹಾ ಆರುತ್ತದೆ, ಉತ್ತರ ಬರುವುದಿಲ್ಲ.

ನಮ್ಮ ಉತ್ತರ ಅಹ್ಮದ್ ಖಾನ್. ಬೆಂಗಳೂರು ಮುಸ್ಲಿಮ್ಸ್ ತಂಡದ ಈ ಹುಡುಗ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದರು. ಕೊಲ್ಕತ್ತಾದ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯ ಐವರನ್ನು ಅಲ್ಲಿಯವರು ‘ಪಂಚಪಾಂಡವರು’ ಎಂದು ಕರೆದರು. ಆ ಐವರಲ್ಲಿ ಅಹ್ಮದ್, ಸಾಲೆ ಇಬ್ಬರು ಮುಸ್ಲಿಮರು. ಹೆಸರಿಟ್ಟವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಎರಡನೆಯವರು ಎಸ್. ರಾಮನ್. 1948ರಲ್ಲಿ ಫ್ರಾನ್ಸ್ ಎದುರು, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಪಂದ್ಯದಲ್ಲಿ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದ ಬೆಂಗಳೂರಿಗ. ಮೂರನೆಯವರು 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದ ಕೆಂಪಯ್ಯ.

“ಅವರೆಲ್ಲ ಕೊಲ್ಕತ್ತಾಕ್ಕೆ ಆಡಿದವರು, ನಮಗೇನು?” ಎನ್ನುವವರಿದ್ದಾರೆ. ಇಂಗ್ಲೆಂಡಿನವರು 2002ರಲ್ಲಿ ಇಂಥ ಮಂದಿರ ತೆರೆದಾಗ ಮೊದಲ ಪಟ್ಟಿಯಲ್ಲೇ ಫ್ರಾನ್ಸಿನ ಕಾಂಟೊನಾ ಇದ್ದ. ಪರದೇಶದಿಂದ ಬಂದವನನ್ನು ಅವರು ತಮ್ಮವನೆಂದರು. ಹೊಟ್ಟೆಪಾಡಿಗೆ ಹೊರಗೆ ಹೋದ ಮನೆಮಕ್ಕಳನ್ನು ನಾವು ಹೊರಗಿನವರು ಮಾಡುತ್ತಿದ್ದೇವೆ! ಇನ್ನು ಕೆಲವರು 1952ರಲ್ಲಿ ಯುಗೊಸ್ಲಾವಿಯ ಎದುರು 10-1ರಿಂದ ಸೋತದ್ದನ್ನು ಎತ್ತುತ್ತಾರೆ. ಆ ಒಂದು ಗೋಲು ಯಾರದು? ಅಹ್ಮದ್ ಖಾನರದೇ. ಎದುರಾಳಿ ಆ ಸಲ ಬೆಳ್ಳಿ ಗೆದ್ದ ತಂಡ.

ಖಾನಾಪುರದ ಹುಡುಗನಿಗೆ ಬೆಂಗಳೂರಿಗಿಂತ ಗೋವಾ ಹತ್ತಿರ. ಅಲ್ಲಿಯ ಕಲಂಗುಟ್‌ನಲ್ಲಿ 2021ರ ಡಿಸೆಂಬರ್‌ನಲ್ಲಿ ರೊನಾಲ್ಡೊ ಪ್ರತಿಮೆ ನಿಲ್ಲಿಸಿದಾಗ ಊರಿನವರೇ ಕೆಲವರು ಕಪ್ಪು ಬಾವುಟ ಹಿಡಿದರು. ಅದೇ ಊರಿನ ಬ್ರೂನೊ ಕುಟಿನ್ಹೊ ಭಾರತ ತಂಡದಲ್ಲಿ ಆಡಿದವರು; ನಮ್ಮವರು ಇರುವಾಗ ಇವನೇಕೆ ಎಂಬುದು ಅವರ ಸಿಟ್ಟು. ನಮಗೆ ಆ ಸಿಟ್ಟೂ ಬರುವುದಿಲ್ಲ. ಸಿಟ್ಟು ಬರಬೇಕಾದರೆ ಹೆಸರಾದರೂ ಗೊತ್ತಿರಬೇಕಲ್ಲ?

“ಸಮಿತಿ ಮಾಡೋಣ, ನೋಡೋಣ” ಎನ್ನುವ ಸರಕಾರಿ ಮಾತು ಬೇಡ. ಅಹ್ಮದ್ ಖಾನ್ 2017ರಲ್ಲಿ, 90 ದಾಟಿದ ಮುಪ್ಪಿನಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಗೆದ್ದಾಗ ‘54 ವರ್ಷಗಳ ಬಳಿಕ’ ಎಂದು ಎಲ್ಲರೂ ಬರೆದರು. ಆ 54 ವರ್ಷಗಳ ಹಿಂದೆ ಗೆದ್ದುಕೊಟ್ಟವರು ಯಾರೆಂದು ಕೇಳಿದವರು ಕಡಿಮೆ.

2022ರಲ್ಲಿ ವಿಶ್ವಕಪ್ ಫೈನಲ್ ಮುಗಿದ ಮರುದಿನವೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾಗಿತ್ತು. ಮುಂದಿನ ಅಧಿವೇಶನದಲ್ಲಿ ನಮ್ಮ ಬೆಳಗಾವಿ, ಖಾನಾಪುರದ ಶಾಸಕರು ಎದ್ದು ನಿಂತು ಈ ಮೂರು ಹೆಸರು ಓದಲಿ.