ಹಳೆಯ ಆಂಪ್ಲಿಫೈಯರ್ ಮತ್ತು ದುರಸ್ತಿಯ ವಿದ್ಯೆ

ನಮ್ಮ ಮನೆಯಲ್ಲಿ 1984ರಲ್ಲಿ ಕೊಂಡ ಸ್ಟೀರಿಯೋ ಆಂಪ್ಲಿಫೈಯರ್ ಒಂದಿದೆ. ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಸಂಗೀತವನ್ನು ಕೇಳಿಸಿದ ಈ ಯಂತ್ರವು ಈಚೆಗೆ ಗುಂಯ್ ಎಂದು ಸದ್ದು ಮಾಡತೊಡಗಿತು. ಎಡಗಡೆಯ ಸ್ಪೀಕರು ಒಮ್ಮೆ ನುಡಿದು ಒಮ್ಮೆ ಮೂಕವಾಗುತ್ತಿತ್ತು. ಅದನ್ನು ಹೊತ್ತು ಅಂಗಡಿಯೊಂದಕ್ಕೆ ಹೋದಾಗ, ಮುಚ್ಚಳವನ್ನು ಸಹ ತೆರೆಯದೆ, “ಇದರ ಆಯುಸ್ಸು ಮುಗಿಯಿತು ಸ್ವಾಮಿ, ಹೊಸದನ್ನು ತೆಗೆದುಕೊಳ್ಳಿ” ಎಂಬ ತೀರ್ಪು ದೊರೆಯಿತು. ನಾಡಿಯನ್ನು ಮುಟ್ಟಿ ನೋಡದೆಯೇ ರೋಗಿಯ ಆಸೆ ಬಿಡುವ ವೈದ್ಯನನ್ನು ನಾವು ಒಪ್ಪುವುದಿಲ್ಲ. ಯಂತ್ರದ ವಿಷಯದಲ್ಲಿ ಮಾತ್ರ ಏಕೆ ಒಪ್ಪಬೇಕು? ವಿದ್ಯಾರ್ಥಿ ಮಿತ್ರರ ಮುಂದೆ ಈ ಪ್ರಶ್ನೆಯನ್ನಿಡಬೇಕೆಂದು ಈ ಲೇಖನ.

ಯಂತ್ರದ ಎಲ್ಲ ಅಂಗಗಳಿಗೂ ಒಂದೇ ಕಾಲಕ್ಕೆ ಮುಪ್ಪು ಬರುವುದಿಲ್ಲ. ಆಂಪ್ಲಿಫೈಯರಿನ ತೂಕದಲ್ಲಿ ಬಹುಪಾಲನ್ನು ಹೊರುವ ಟ್ರಾನ್ಸ್‌ಫಾರ್ಮರು ಮತ್ತು ಶಾಖವನ್ನು ಹೊರಚೆಲ್ಲುವ ಅಲ್ಯೂಮಿನಿಯಮ್ ರೆಕ್ಕೆಗಳು ಸರಿಯಾಗಿ ಬಳಸಿದರೆ ಅರ್ಧ ಶತಮಾನ ಕಳೆದರೂ ಕೆಡಲಾರವು. ಮೊದಲು ಮುಪ್ಪಾಗುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರು. ಇದರೊಳಗೆ ಅತಿ ತೆಳುವಾದ ಆಕ್ಸೈಡಿನ ಪೊರೆಯುಳ್ಳ ಅಲ್ಯೂಮಿನಿಯಮ್ ಹಾಳೆಯೂ, ಅದಕ್ಕೆ ಅಂಟಿದಂತೆ ದ್ರವದಲ್ಲಿ ನೆನೆಸಿದ ಕಾಗದವೂ ಇರುವುವು. ವರ್ಷಗಳು ಉರುಳಿದಂತೆ ರಬ್ಬರಿನ ಬಿರಡೆಯ ಮೂಲಕ ಈ ದ್ರವ ಸ್ವಲ್ಪಸ್ವಲ್ಪವಾಗಿ ಆರಿಹೋಗುವುದು. ಕೆಪಾಸಿಟರಿನ ಸಾಮರ್ಥ್ಯ ಕುಗ್ಗುವುದು.

ಕುಗ್ಗಿದರೆ ಆಗುವ ಹಾನಿಯನ್ನು ಲೆಕ್ಕದಿಂದಲೇ ತಿಳಿಯಬಹುದು. ನಮ್ಮ ಮನೆಗಳಿಗೆ ಬರುವ ಪರ್ಯಾಯ ಪ್ರವಾಹ ಸೆಕೆಂಡಿಗೆ 50 ಆವರ್ತಗಳದು. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಸಿದಾಗ ಸೆಕೆಂಡಿಗೆ 100 ಉಬ್ಬುಗಳು ಉಂಟಾಗುವುವು. ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಗೆ ಒದಗಿಸುವ ಕೆರೆಯಂತೆ ಕೆಪಾಸಿಟರು ಉಬ್ಬಿನ ಕಾಲದಲ್ಲಿ ತುಂಬಿಕೊಂಡು ತಗ್ಗಿನ ಕಾಲದಲ್ಲಿ ಕೊಡುವುದು. 10,000 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ 1 ಆಂಪಿಯರ್ ಪ್ರವಾಹವನ್ನು ಸೆಕೆಂಡಿನ ನೂರನೆಯ ಒಂದು ಪಾಲು ಹೊತ್ತು ಸೆಳೆದರೆ ಅದರ ವೋಲ್ಟೇಜು 1 ವೋಲ್ಟಿನಷ್ಟು ಇಳಿಯುವುದು. ಸಾಮರ್ಥ್ಯ ಅರ್ಧವಾದರೆ 2 ವೋಲ್ಟು ಇಳಿಯುವುದು. ಈ ಏರಿಳಿತವೇ ಸ್ಪೀಕರಿನಲ್ಲಿ ಗುಂಯ್ ಎಂದು ಕೇಳುವುದು.

ಈ ಮುಪ್ಪಿಗೆ ಶಾಖವೇ ಮುಖ್ಯ ಕಾರಣ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಪಾಸಿಟರಿನ ಬಾಳು ಸುಮಾರು ಅರ್ಧಕ್ಕಿಳಿಯುವುದೆಂಬುದು ತಂತ್ರಜ್ಞರು ಬಳಸುವ ಸ್ಥೂಲ ನಿಯಮ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳತಕ್ಕ ಕೆಪಾಸಿಟರು ಈ ನಿಯಮದಂತೆ 45 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ 3 ಗಂಟೆ ಬಳಸಿದರೆ ಅದು ಸುಮಾರು 29 ವರ್ಷ. 55 ಡಿಗ್ರಿಯಲ್ಲಾದರೆ ಅದರ ಅರ್ಧ. ಆಂಪ್ಲಿಫೈಯರಿನ ಗಾಳಿಕಿಂಡಿಗಳ ಮೇಲೆ ಕಸೂತಿಯ ಬಟ್ಟೆಯನ್ನು ಹೊದಿಸುವವರು ಈ ಲೆಕ್ಕವನ್ನು ನೆನಪಿಡಬೇಕು.

ನಮ್ಮ ಯಂತ್ರವನ್ನು ಕಡೆಗೆ ಸರಿಪಡಿಸಿದವರು ಒಬ್ಬ ವೃದ್ಧ ಮೆಕ್ಯಾನಿಕ್. ಅವರು ಮೊದಲು ಎಡಬಲ ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿದರು. ಈಗ ಬಲಗಡೆಯ ಸ್ಪೀಕರು ಮೂಕವಾಯಿತು. ಆದುದರಿಂದ ದೋಷ ಸ್ಪೀಕರಿನದಲ್ಲ, ಆಂಪ್ಲಿಫೈಯರಿನದು. ಒಳಗಿನ ರಿಲೇಯನ್ನು ಮರದ ಕಡ್ಡಿಯಿಂದ ಮೆಲ್ಲನೆ ತಟ್ಟಿದೊಡನೆ ಧ್ವನಿ ಮರಳಿ ಬಂದಿತು. ಅದರ ಲೋಹದ ತುದಿಗಳು ಕಪ್ಪುಗಟ್ಟಿದ್ದುವು. ಊಹೆ, ಪರೀಕ್ಷೆ, ನಿರ್ಣಯ—ಪ್ರಯೋಗಶಾಲೆಯಲ್ಲಿ ನಾವು ಕಲಿಸುವ ಕ್ರಮವೂ ಇದೇ ಅಲ್ಲವೆ? ಒಂದು ರಿಲೇ, ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ತಂದ ಕೆಲವು ಕೆಪಾಸಿಟರುಗಳು—ಬದಲಾದುದು ಇಷ್ಟೆ. ಕೆಲಸ ಮುಗಿದ ಮೇಲೆ ಅವರು 100 ವಾಟಿನ ತಂತುದೀಪವೊಂದನ್ನು ಸರಣಿಯಲ್ಲಿ ಜೋಡಿಸಿ ವಿದ್ಯುತ್ತನ್ನು ಹಾಯಿಸಿದರು. ಒಳಗೆ ಶಾರ್ಟ್ ಇದ್ದರೆ ದೀಪ ಪ್ರಖರವಾಗಿ ಉರಿದು ಯಂತ್ರವನ್ನು ಉಳಿಸುವುದು. ಇಲ್ಲವಾದರೆ ಕ್ಷಣಕಾಲ ಬೆಳಗಿ ಮಂಕಾಗುವುದು. ದೀಪ ಮಂಕಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. 40 ವೋಲ್ಟಿಗೆ ತುಂಬಿದ 10,000 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ 8 ಜೂಲ್ ಶಕ್ತಿ ಇರುವುದು. ಪ್ಲಗ್ಗನ್ನು ಕಿತ್ತ ಮೇಲೂ ಅದು ಸ್ವಲ್ಪ ಕಾಲ ಉಳಿಯಬಹುದು. ಟ್ರಾನ್ಸ್‌ಫಾರ್ಮರಿನ ಇನ್ನೊಂದು ಪಕ್ಕದಲ್ಲಿರುವ 230 ವೋಲ್ಟು ಪ್ರಾಣಾಪಾಯಕರ. ಬಲ್ಲವರ ಜೊತೆಯಿಲ್ಲದೆ ವಿದ್ಯಾರ್ಥಿಗಳು ಮುಚ್ಚಳವನ್ನು ತೆರೆಯಕೂಡದು.

ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಬೇಕೆಂದು ನಾನು ವಾದಿಸುತ್ತಿಲ್ಲ. ಟ್ರಾನ್ಸ್‌ಫಾರ್ಮರು ಸುಟ್ಟಿದ್ದರೆ, ಅಥವಾ ತಯಾರಿಕೆಯೇ ನಿಂತ ಬಿಡಿಭಾಗ ಕೆಟ್ಟಿದ್ದರೆ, ದುರಸ್ತಿಯ ವೆಚ್ಚ ಹೊಸದರ ಬೆಲೆಯನ್ನು ಮೀರಬಹುದು. ದುರಸ್ತಿಯ ಕೂಲಿ ಹೆಚ್ಚಾಯಿತೆಂದು ಗೊಣಗುವವರೂ ಉಂಟು. ಆದರೆ ನಾವು ಕೂಲಿ ಕೊಡುವುದು ಬೆಸುಗೆ ಹಾಕುವ ಕೈಗೆ ಮಾತ್ರವಲ್ಲ. ಎಲ್ಲಿ ಬೆಸೆಯಬೇಕೆಂದು ಕಂಡುಹಿಡಿದ ಬುದ್ಧಿಗೂ ಅದು ಸಲ್ಲಬೇಕು. ಪರೀಕ್ಷಿಸಿದ ಮೇಲೆ ಬೇಡವೆಂದರೆ ಅದು ನಿರ್ಣಯ. ಪರೀಕ್ಷಿಸದೆಯೇ ಬೇಡವೆಂದರೆ ಅದು ಬರಿಯ ಸೋಮಾರಿತನ.

ಆ ವೃದ್ಧರ ಬಳಿ ಕಲಿಯಲು ಇಂದು ಯಾರೂ ಬರುತ್ತಿಲ್ಲ. ನಾನು ಹೆಚ್ಚು ಚಿಂತಿಸುವುದು ಇದಕ್ಕಾಗಿ. ಹಿಂದೆ ಅನೇಕ ತಯಾರಕರು ಯಂತ್ರದ ಮಂಡಲಚಿತ್ರವನ್ನು ಅಚ್ಚುಮಾಡಿ ಒದಗಿಸುತ್ತಿದ್ದರು. ನಮ್ಮ ಆಂಪ್ಲಿಫೈಯರಿನ ಚಿತ್ರವೂ ದೊರೆತುದರಿಂದಲೇ ಕೆಲಸ ಸುಗಮವಾಯಿತು. ಇಂದು ಅಂಥ ಚಿತ್ರ ಕೈಗೆ ಸಿಗುವುದು ಅಪರೂಪ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕಿ’ನ ಬಗೆಗೆ ಸಮಿತಿಯೊಂದನ್ನು ನೇಮಿಸಿದುದು ಸರಿಯಾದ ಹೆಜ್ಜೆ. ಆದರೆ ಹಕ್ಕಿದ್ದರೆ ಸಾಲದು, ಅದನ್ನು ಬಳಸಬಲ್ಲ ಕೈಗಳೂ ಬೇಕು. ನಮ್ಮ ಕಾಲೇಜುಗಳ ಭೌತವಿಜ್ಞಾನ ವಿಭಾಗಗಳು ವರ್ಷಕ್ಕೊಮ್ಮೆಯಾದರೂ ಇಂಥ ಮೆಕ್ಯಾನಿಕ್‌ರೊಬ್ಬರನ್ನು ಗೌರವದಿಂದ ಕರೆಸಿ, ಕೆಟ್ಟ ಯಂತ್ರವೊಂದನ್ನು ವಿದ್ಯಾರ್ಥಿಗಳ ಮುಂದೆ ಬಿಚ್ಚಿಸಲಿ. ಕೆಪಾಸಿಟರಿನ ಸೂತ್ರವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಅದರ ಅರ್ಥ ಅಂದು ಕಿವಿಗೆ ಕೇಳಿಸೀತು.