ತುಪ್ಪದ ಡಬ್ಬದಲ್ಲಿ ಹೊಳೆ ದಾಟಿದ ಅಜ್ಜ

"ನಾನು ತುಪ್ಪದ ಡಬ್ಬದಲ್ಲಿ ಕೂತು ಹೊಳೆ ದಾಟಿದವ ಕಣೋ" ಅಂತ ಅಜ್ಜ ಹೇಳಿದಾಗೆಲ್ಲ ನಾವು ಮೊಮ್ಮಕ್ಕಳು ನಗ್ತಿದ್ವಿ. ಈಜು ಬಾರದ, ಕೆರೆ ಹತ್ತಿರವೂ ಸುಳಿಯದ ಮನುಷ್ಯ ಅವರು.

ಅವರು ಹೋದ ಮೇಲೆ ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ ಸಿಕ್ತು: 45 ಕ್ಯಾವಲ್ರಿ, ಡ್ರೈವರ್. ಜೊತೆಗೆ ಪೂರ್ವಿ ಸ್ಟಾರ್ ಪದಕ. ಅಂದ್ರೆ 1971ರ ಯುದ್ಧ, ಪೂರ್ವದ ರಂಗ. ಹುಡುಕಿದೆ. ಆ ರೆಜಿಮೆಂಟಿನಲ್ಲಿದ್ದದ್ದು ರಷ್ಯಾದ ಪಿಟಿ-76, ನೀರಿನಲ್ಲಿ ತೇಲಿ ಸಾಗುವ ಟ್ಯಾಂಕ್. 14 ಟನ್ ತೂಕ, ಒಳಗೆ ಮೂರೇ ಜನ. ತೇಲಬೇಕಲ್ಲ, ಅದಕ್ಕೇ ಕವಚ ತೆಳು. ಜವಾನರು ಇಟ್ಟ ಹೆಸರು ‘ಪಿಪ್ಪಾ’. ಅಂದ್ರೆ ತುಪ್ಪದ ಡಬ್ಬ!

ನವೆಂಬರ್ 21ರಂದು, ಯುದ್ಧ ಘೋಷಣೆಗೂ ಮೊದಲೇ, ಗರೀಬ್‌ಪುರದಲ್ಲಿ ಇಂಥ 14 ಟ್ಯಾಂಕ್‌ಗಳು ಪಾಕಿಸ್ತಾನದ ಚಾಫೀ ಟ್ಯಾಂಕ್‌ಗಳನ್ನು ಎದುರಿಸಿದವು. ಸ್ಕ್ವಾಡ್ರನ್ ಮುನ್ನಡೆಸಿದ ಮೇಜರ್ ದಲ್ಜಿತ್ ಸಿಂಗ್ ನಾರಗ್ ಅಲ್ಲೇ ಹುತಾತ್ಮರಾದರು. ಅಜ್ಜ ಅದೇ ಸ್ಕ್ವಾಡ್ರನ್ನಾ? ಬುಕ್ಕಿನಲ್ಲಿ ಬರೆದಿಲ್ಲ. ಆರ್ಮಿ ನಂಬರ್ ಹಾಕಿ, ಅಜ್ಜಿಯ ಸಹಿ ಪಡೆದು ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಆರ್ಮರ್ಡ್ ಕೋರ್ ರೆಕಾರ್ಡ್ಸ್‌ಗೆ ಪತ್ರ ಕಳಿಸಿದೀನಿ.

ಸಹಿ ಹಾಕ್ತಾ ಅಜ್ಜಿ ಅಂದ್ರು: "ಜೋರು ಮಳೆ ಬಂದ್ರೆ ರಾತ್ರಿಯೆಲ್ಲ ಎದ್ದು ಕೂರ್ತಿದ್ರು. ನೀವು ನಗ್ತೀರಿ ಅಂತ ನಿಮಗೆ ಅಷ್ಟಾದರೂ ಹೇಳಿದ್ರು. ನನಗೆ ಅದೂ ಇಲ್ಲ."

ನಿಮ್ಮನೆಯಲ್ಲೂ ಇಂಥ ಅಜ್ಜ ಇದ್ರೆ, ಈ ವೀಕೆಂಡ್ ಫೋನ್ ಮಾಡಿ ಕೇಳಿ.