ಬಾಗಿಲು ಯಾರಿಗೆ ಹಾಕ್ತಾರ ನೋಡ್ರಿ

2025ರ ಮೇ ತಿಂಗಳಲ್ಲಿ ಜಪಾನಿನ ಅಂಗಡಿಗಳಲ್ಲಿ 5 ಕೆಜಿ ಅಕ್ಕಿ 4,200 ಯೆನ್ ದಾಟಿತ್ತು. ಅಂದ್ರ ಕೆಜಿಗೆ ನಮ್ಮ ಸುಮಾರು 500 ರೂಪಾಯಿ! ಹೊರಗಿನ ಅಗ್ಗದ ಅಕ್ಕಿ ಯಾಕ ಸಲೀಸಾಗಿ ಬರಲಿಲ್ಲ? ಕೋಟಾ ಮೀರಿ ತರಿಸಿದ್ರ ಕೆಜಿಗೆ 341 ಯೆನ್ ಸುಂಕ. ತಮ್ಮ ರೈತ ಉಳೀಲಿ ಅಂತ ಹಾಕಿದ ಬಾಗಿಲು ಅದು.

ನಮ್ಮಲ್ಲಿ? 2023ರ ಜುಲೈ 20ಕ್ಕ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ಬಂದ್. ಅಮೆರಿಕದಾಗ ಸೋನಾ ಮಸೂರಿ ಚೀಲಕ್ಕ ನಮ್ಮ ಜನ ಮುಗಿಬಿದ್ರು. ಆ ರೇಟಿನ ಹಾದಿ ನಮಗ ಮಾತ್ರ 14 ತಿಂಗಳು ಮುಚ್ಚಿತ್ತು.

ಬಡವರಿಗೆ ಅಕ್ಕಿ ಅಗ್ಗಕ್ಕ ಸಿಗಲಿ, ನಾನೂ ಒಪ್ತೀನಿ. ಆದ್ರ ಆ ಭಾರ ಖಜಾನೆ ಹೊರಬೇಕು, ಭತ್ತ ಬೆಳೆದವನಲ್ಲ. ಇನ್ನೊಮ್ಮೆ ಬಾಗಿಲು ಹಾಕೋದಾದ್ರ ಮೊದಲು ನಮ್ಮ ನಷ್ಟ ಕಟ್ಟಿಕೊಡಲಿ. ಎಲ್ಲಾರೂ ಕೂಡಿ ಕೇಳೋಣ್ರಿ.